ನೋಡದೆ ಬರೆದ ಚೀಟಿಗಳು

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಊರ ಹೆಸರು ಬೇಡ, ನನ್ನ ಹೆಸರೂ ಬೇಡ. ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಹುಳದ ಮನೆ, ಎರಡು ಸೀಮೆಹಸು ಇವೆ. ವರ್ಷಕ್ಕೆ ಆರೇಳು ಬೆಳೆ ತೆಗೆಯುತ್ತೇವೆ. ನಮ್ಮ ಮನೆಯ ದಿನಗಳೆಲ್ಲ ಹುಳದ ಜ್ವರದ ಲೆಕ್ಕದಲ್ಲೇ ಓಡುತ್ತವೆ. ಹುಳ ಮೇವು ಬಿಟ್ಟು, ತಲೆ ಎತ್ತಿಕೊಂಡು, ಪೊರೆ ಕಳಚುವವರೆಗೆ ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಎರಡನೇ ಜ್ವರ ಎದ್ದ ಹುಳ, ಮರಿಹುಳ ಸಾಕಿಕೊಡುವ ಚಾಕಿ ಕೇಂದ್ರದಿಂದ ಮನೆಗೆ ಬರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಮನೆಯವರು ಕಣ್ಣು ಮುಚ್ಚುವ ಹಾಗಿಲ್ಲ, ಅಷ್ಟು ಮೇಯುತ್ತವೆ. ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ನನ್ನ ಕಾಯಿಲೆಯ ಗುಟ್ಟು ನನಗೆ ತಿಳಿದದ್ದು ಈ ಲೆಕ್ಕದಿಂದಲೇ.

2018ರ ಶ್ರಾವಣ. ಹುಳ ಹಣ್ಣಾಗಿ, ಅವು ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟ ಮಾರನೇ ದಿನ ಮೈ ಕಾದ ಹಂಚಿನ ಹಾಗಾಯಿತು. ಸುಸ್ತಿಗೆ ಬಂದ ಜ್ವರ ಅಂದುಕೊಂಡೆ. ಸಂಜೆ ಹೊತ್ತಿಗೆ ತೊಡೆಯ ಸಂದಿಯಲ್ಲಿ ಗೆಡ್ಡೆ ಕಟ್ಟಿತು. ಮರುದಿನ ಬೆಳಗ್ಗೆ ಬಚ್ಚಲಿಗೆ ಹೋದವಳು ಗೋಡೆ ಹಿಡಿದುಕೊಂಡೇ ಕೂತೆ. ಮೂತ್ರ ತಾಗಿದ ಕಡೆಯೆಲ್ಲ ಗಾಯಕ್ಕೆ ಖಾರದ ಪುಡಿ ಹಾಕಿದ ಹಾಗೆ ಉರಿ. ಕೈಗನ್ನಡಿ ಹಿಡಿದು ನೋಡಿದರೆ ಸಣ್ಣ ಸಣ್ಣ ನೀರು ಗುಳ್ಳೆಗಳು, ಸಾಸಿವೆ ಕಾಳು ಒಟ್ಟೊಟ್ಟಿಗೆ ಅಂಟಿಸಿದ ಹಾಗೆ. ಮೂರನೇ ದಿನಕ್ಕೆ ಅವು ಒಡೆದು ಹುಣ್ಣಾದವು. ಮೂತ್ರಕ್ಕೆ ಹೋಗಬೇಕಲ್ಲ ಅನ್ನುವ ಭಯಕ್ಕೆ ನೀರು ಕುಡಿಯುವುದನ್ನೇ ಬಿಟ್ಟೆ. ಅದು ಇನ್ನೂ ಕೆಟ್ಟದ್ದು ಅಂತ ಆಗ ನನಗೆ ಹೇಳುವವರಿರಲಿಲ್ಲ. ಹೆಚ್ಚು ನೀರು ಕುಡಿದಷ್ಟೂ ಮೂತ್ರ ತಿಳಿಯಾಗಿ ಉರಿ ಕಡಿಮೆಯಾಗುತ್ತದೆ. ಹೋಗುವಾಗ ಚೊಂಬಿನಿಂದ ಉಗುರು ಬೆಚ್ಚಗಿನ ನೀರು ಸುರಿದುಕೊಳ್ಳುತ್ತಿದ್ದರೆ ಇನ್ನಷ್ಟು ಕಡಿಮೆ. ಈ ಎರಡು ಮಾತು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು.

ನಾಲ್ಕನೇ ದಿನ ಪಟ್ಟಣದ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ವಯಸ್ಸಾದವರು, ನಮ್ಮ ಮನೆಯವರೆಲ್ಲ ಅವರ ಹತ್ತಿರವೇ ಹೋಗುವುದು. ಹೊರಗಿನ ಬೆಂಚಿನಲ್ಲಿ ಕೂತವರಿಗೆ ಕೇಳದ ಹಾಗೆ ಮೆಲ್ಲಗೆ ಹೇಳಿದೆ: "ಕೆಳಗಡೆ ಗುಳ್ಳೆ ಎದ್ದಿದೆ ಸಾರ್, ತುಂಬ ಉರಿ." ಅವರು ಪೆನ್ನಿನ ಮುಚ್ಚಳ ತೆಗೆದು ಆಗಲೇ ಬರೆಯತೊಡಗಿದ್ದರು.

"ರೇಷ್ಮೆ ಹುಳದ ಕೆಲಸ ಅಲ್ವೇನಮ್ಮ ನಿಮ್ದು? ಬಾಗಿಲು ಹಾಕಿರೋ ಮನೇಲಿ ನಿಂತು ನಿಂತು ಉಷ್ಣ ಆಗಿದೆ. ಏನೂ ಇಲ್ಲ. ಎಳನೀರು ಕುಡಿ, ಮಜ್ಜಿಗೆ ಕುಡಿ, ಈ ಕ್ರೀಮ್ ಹಚ್ಚು."

ಉಷ್ಣ ಅನ್ನುವುದು ನಮ್ಮೆಲ್ಲರ ಬಾಯಲ್ಲೂ ಇರುವ ಮಾತು. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ. ಅದಕ್ಕೇ ನಾನು ತಕ್ಷಣ ನಂಬಿದೆ. ಆದರೆ ಅವರು ನೋಡಲಿಲ್ಲ. ನೋಡಬೇಕಾದರೆ ನರ್ಸಮ್ಮನನ್ನು ಕರೆಯಬೇಕು, ಪರದೆ ಎಳೆಯಬೇಕು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅವರು ಬರೆದ ಕ್ರೀಮು ಮೂರು ನಾಲ್ಕು ಔಷಧ ಬೆರೆಸಿದ್ದು, ಅದರಲ್ಲಿ ಸ್ಟೀರಾಯ್ಡೂ ಇತ್ತು ಅಂತ ಆಮೇಲೆ ತಿಳಿಯಿತು. ಅದನ್ನು ಹಚ್ಚಿದ ಮೇಲೆ ಹುಣ್ಣು ಇನ್ನೂ ಅಗಲವಾಯಿತು. ಪೂರ್ತಿ ಒಣಗಲು ಮೂರು ವಾರ ಬೇಕಾಯಿತು.

ಎರಡು ತಿಂಗಳಿಗೆ ಮತ್ತೆ ಬಂತು. ಈ ಸಲ ಹೆಂಗಸರ ಡಾಕ್ಟರೇ ವಾಸಿ ಅಂತ ಬೇರೆ ಕಡೆ ಹೋದೆ. ಅವರು ಮೂತ್ರ ಪರೀಕ್ಷೆಗೆ ಬರೆದರು, ಕೀವಿನ ಕಣ ಸ್ವಲ್ಪ ಇದೆ, ಸೋಂಕು ಅಂದರು, ಆಂಟಿಬಯಾಟಿಕ್ ಕೊಟ್ಟರು. "ಒಂದ್ಸಲ ನೋಡ್ತೀರಾ ಮೇಡಂ" ಅಂತ ಕೇಳಿದ್ದಕ್ಕೆ, "ರಿಪೋರ್ಟಲ್ಲೇ ಗೊತ್ತಾಗುತ್ತಲ್ಲ" ಅಂದರು. ನಾನು ಎದ್ದು ಬಂದೆ. ಹೆಂಗಸು ಹೆಂಗಸಿನ ಹತ್ತಿರ ಹೋಗಿ, ನಾಚಿಕೆ ಬಿಟ್ಟು, ನೋಡಿ ಅಂತ ಕೇಳಿದ ಮೇಲೂ ನೋಡದಿದ್ದರೆ ಆಮೇಲೆ ಇನ್ನೊಬ್ಬರನ್ನು ಕೇಳಲು ನಾಲಿಗೆ ಏಳುವುದಿಲ್ಲ. ಮುಂದಿನ ಎರಡು ಸಲ ಬಂದಾಗ ನಾನು ಯಾರ ಹತ್ತಿರವೂ ಹೋಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸುಮ್ಮನಿದ್ದೆ.

ಮೂರನೆಯವರು ಚರ್ಮದ ಡಾಕ್ಟರು. 2019ರ ಬೇಸಿಗೆ. ಅವರು ನೋಡಿದರು, ನಿಜ. ಟಾರ್ಚು ಬಿಟ್ಟು ಐದು ಸೆಕೆಂಡು. ನೋಡಿ ನನಗೆ ಏನೂ ಹೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗನಿಗೆ, "ಹರ್ಪಿಸ್, ಆಸೈಕ್ಲೋವಿರ್ ಬರಿ, ಐದು ದಿನ" ಅಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಯಜಮಾನ್ರು ಏನು, ಲಾರಿ ಓಡಿಸ್ತಾರಾ?"

ಇಲ್ಲ ಸಾರ್, ಮನೇಲೇ ಇರ್ತಾರೆ, ಹುಳ ಮೇಯಿಸ್ತೀವಿ ಅಂದೆ. ಅವರು ನಕ್ಕರು. ಆ ನಗುವಿನ ಅರ್ಥ ನನಗೆ ಆಗ ಆಗಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಆಯಿತು. ಕಿಟಕಿಯ ಕಡೆ ಮುಖ ಮಾಡಿಕೊಂಡು ಊರು ಬರುವವರೆಗೂ ಹಾಗೇ ಇದ್ದೆ.

ಮೆಡಿಕಲ್ಸಿನ ಹುಡುಗ ನಮ್ಮ ಊರಿನ ಕಡೆಯವನೇ. ಚೀಟಿ ಓದಿ, "ಸರ್ಪಸುತ್ತಾ ಅಕ್ಕ? ಹುಷಾರು, ಎರಡೂ ಕಡೆ ಸೇರಬಾರದು" ಅಂದ. ನಾನು ಹೂಂ ಅಂದುಬಿಟ್ಟೆ. ಆ ಹೆಸರು ನನಗೆ ಒಂದು ಆಸರೆಯ ಹಾಗೆ ಸಿಕ್ಕಿತು. ಮನೆಗೆ ಬಂದು ಅತ್ತೆಗೂ ಅದನ್ನೇ ಹೇಳಿದೆ. ಅವರು ತೆಲುಗಿನವರು, "ಸರ್ಪಿನಾ? ನಾಗಪ್ಪನ ಕೋಪ ಕಣಮ್ಮ" ಅಂತ ಗಾಬರಿಯಾದರು. ಸರ್ಪಿಗೆ ಮಂತ್ರ ಹಾಕುವ ಅಜ್ಜನನ್ನು ಪಕ್ಕದ ಊರಿನಿಂದ ಕರೆಸಿದರು. ಎಲ್ಲಿದೆ ತೋರಿಸು ಅಂದರೆ ಹೇಗೆ ತೋರಿಸಲಿ? ಸೊಂಟದಲ್ಲಿದೆ ಅಂತ ಸುಳ್ಳು ಹೇಳಿದೆ. ಅಜ್ಜ ಸೀರೆಯ ಮೇಲಿಂದಲೇ ಬೇವಿನ ಸೊಪ್ಪು ಇಳಿಸಿ, ಕೆಮ್ಮಣ್ಣು ಕೊಟ್ಟು ಹೋದ. ಅದಾದ ಮುಂದಿನ ಭಾನುವಾರ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋದರು. ಅಲ್ಲಿ ಸಾಲುಸಾಲಾಗಿ ನಿಲ್ಲಿಸಿರುವ ನಾಗರಕಲ್ಲುಗಳ ಮುಂದೆ ಅತ್ತೆ ನನ್ನ ಸಲುವಾಗಿ ಕೈಮುಗಿದು ಅತ್ತರು. ಅವರ ಪ್ರೀತಿಯಲ್ಲಿ ಏನೂ ಕೊರತೆ ಇರಲಿಲ್ಲ. ನಾನು ಮಾತ್ರ ಮೋಸ ಮಾಡುತ್ತಿದ್ದೇನೆ ಅನ್ನಿಸಿ ಆ ಕಲ್ಲುಗಳನ್ನು ತಲೆ ಎತ್ತಿ ನೋಡಲಾಗಲಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಈ ಗೊಂದಲದಲ್ಲಿ ಇರುವವಳು ನಾನೊಬ್ಬಳೇ ಅಲ್ಲ. ಸರ್ಪಸುತ್ತಿಗೂ ಡಾಕ್ಟರು ಹರ್ಪಿಸ್ ಜೋಸ್ಟರ್ ಅನ್ನುತ್ತಾರೆ. ಅದು ಚಿಕ್ಕಂದಿನಲ್ಲಿ ಅಮ್ಮ ಆದವರಿಗೆ, ಅಂದರೆ ಚಿಕನ್ ಪಾಕ್ಸ್ ಬಂದು ಹೋದವರಿಗೆ, ಅದೇ ವೈರಸ್ಸು ಎಷ್ಟೋ ವರ್ಷದ ಮೇಲೆ ಎದ್ದು ಬರುವುದು. ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯ ಹಾಗೆ ಏಳುತ್ತದೆ, ಹೆಚ್ಚಿನವರಿಗೆ ಜೀವನದಲ್ಲಿ ಒಂದೇ ಸಲ. ನನಗೆ ಇದ್ದದ್ದು ಹರ್ಪಿಸ್ ಸಿಂಪ್ಲೆಕ್ಸ್. ಎರಡೂ ಒಂದೇ ವಂಶದ ವೈರಸ್ಸುಗಳಾದರೂ ಬೇರೆ ಬೇರೆ. ಸಿಂಪ್ಲೆಕ್ಸಿನಲ್ಲಿ ಮತ್ತೆ ಎರಡು ಬಗೆ. ಜ್ವರ ಬಂದಾಗ ತುಟಿಯ ಅಂಚಿನಲ್ಲಿ ಏಳುವ ಗುಳ್ಳೆ ಹೆಚ್ಚಾಗಿ ಒಂದನೇ ಬಗೆಯದು, ಕೆಳಗಡೆ ಮರಳಿ ಮರಳಿ ಬರುವುದು ಹೆಚ್ಚಾಗಿ ಎರಡನೆಯದು. ಸೊಂಟದ ಕೆಳಗೆ, ಬೆನ್ನುಮೂಳೆಯ ಬುಡದ ನರದ ಗಂಟಿನಲ್ಲಿ ಅದು ಮಲಗಿರುತ್ತದೆ. ಮೈ ಸೋತಾಗ ಅದೇ ನರದ ದಾರಿಯಲ್ಲಿ ಇಳಿದು ಬರುತ್ತದೆ. ಚರ್ಮದ ಡಾಕ್ಟರು ಇದನ್ನು ಹೇಳಲು ಎಷ್ಟು ಹೊತ್ತು ಬೇಕಿತ್ತು? ನಾನು ಈಗ ಹೇಳಿದಷ್ಟೇ ಹೊತ್ತು.

ಅವರು ಹೇಳದೆ ಬಿಟ್ಟದ್ದನ್ನು ಮೊಬೈಲು ಹೇಳಿತು. ರಾತ್ರಿ ಹುಳಕ್ಕೆ ಸೊಪ್ಪು ಹಾಕಿ, ಮಳೆ ಬಿದ್ದ ಹಾಗೆ ಅವು ಮೇಯುವ ಸದ್ದಿನಲ್ಲಿ ಒಬ್ಬಳೇ ಕೂತು ಹರ್ಪಿಸ್ ಅಂತ ಹುಡುಕಿದೆ. ಲೈಂಗಿಕ ರೋಗ, ವಾಸಿಯಾಗುವುದಿಲ್ಲ, ಈ ಎರಡೇ ಸಾಲು ನನ್ನ ಕಣ್ಣಿಗೆ ಬಿದ್ದದ್ದು. ನಾನು ಗಂಡನನ್ನು ಬಿಟ್ಟು ಇನ್ನೊಬ್ಬರ ಮುಖ ನೋಡಿದವಳಲ್ಲ. ಹಾಗಾದರೆ ಇವರು? ಕೇಳಿದರೆ ಇವರು ನನ್ನನ್ನೇ ತಿರುಗಿ ಕೇಳಿದರೆ? ಕೇಳಲಿಲ್ಲ. ಬೆಳೆ ಇದ್ದಾಗ ಹುಳದ ಮನೆಯಲ್ಲೇ ಚಾಪೆ ಹಾಸಿಕೊಂಡೆ. ಬೆಳೆ ಮುಗಿದ ಮೇಲೂ ಅಲ್ಲೇ ಮಲಗಿದೆ. ನನ್ನ ಬಟ್ಟೆ ಬೇರೆ ಕುದಿಸಿ ಒಗೆಯುತ್ತಿದ್ದೆ, ಸೋಪು ಬೇರೆ ಇಟ್ಟುಕೊಂಡೆ. ನಾಲ್ಕು ವರ್ಷದ ಮಗ ತೊಡೆ ಏರಲು ಬಂದರೆ ಕೆಳಗಿಳಿಸುತ್ತಿದ್ದೆ. ಅವನು ಒಂದು ದಿನ ಅವನ ಅಜ್ಜಿಯ ಹತ್ತಿರ ಹೋಗಿ, "ಅಮ್ಮಂಗೆ ನಾನು ಬೇಡ್ವಂತೆ" ಅಂದಿದ್ದ. ಬಟ್ಟೆಯಿಂದ, ಬಚ್ಚಲಿನಿಂದ, ಮಗು ತೊಡೆಯ ಮೇಲೆ ಕೂರುವುದರಿಂದ ಇದು ಅಂಟುವುದಿಲ್ಲ ಅಂತ ಒಬ್ಬ ಡಾಕ್ಟರು ಒಂದು ಸಾಲು ಹೇಳಿದ್ದರೆ ನನ್ನ ಮಗ ಆ ಮಾತು ಆಡುತ್ತಿರಲಿಲ್ಲ. ಬೇರೆ ಎಲ್ಲವನ್ನೂ ಕ್ಷಮಿಸಿದ್ದೇನೆ ಅಂದರೂ ಇದನ್ನು ಕ್ಷಮಿಸಲು ನನಗೆ ಇನ್ನೂ ಆಗಿಲ್ಲ.

2020ರ ಲಾಕ್‌ಡೌನಿನಲ್ಲಿ ಗೂಡಿನ ಬೆಲೆ ಬಿದ್ದು ಮನೆಯೆಲ್ಲ ಕಂಗಾಲಾಗಿತ್ತು. ಆ ವರ್ಷ ಏಳು ಸಲ ಬಂತು. ಕೊನೆಗೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ, ಹರ್ಪಿಸ್ ಇರಬಹುದು ಸಾರ್ ಅಂತ ನಾನೇ ಹೆಸರು ಹೇಳಿದೆ. "ಗೂಗಲ್ ನೋಡಿ ಬಂದಿದೀರಾ?" ಅಂದರು. ರಕ್ತ ಪರೀಕ್ಷೆಗೆ ಬರೆದರು, ಐಜಿಎಂ ಅಂತ. ನೆಗೆಟಿವ್ ಬಂತು. "ನೋಡಿ, ಇಲ್ಲ ಅಂತ ಬಂದಿದೆ. ಮನಸ್ಸಿಗೆ ಹಚ್ಚಿಕೊಂಡಿದೀರಿ ಅಷ್ಟೇ" ಅಂತ ರಾತ್ರಿ ಮಲಗುವ ಮುಂಚೆ ನುಂಗಲು ಒಂದು ಮಾತ್ರೆ ಬರೆದರು. ಹರ್ಪಿಸ್ ಸಿಂಪ್ಲೆಕ್ಸಿಗೆ ಐಜಿಎಂ ಪರೀಕ್ಷೆ ನೆಚ್ಚುವಂಥದ್ದಲ್ಲ. ಇದ್ದವರಿಗೆ ಇಲ್ಲ ಅಂತಲೂ ಇಲ್ಲದವರಿಗೆ ಇದೆ ಅಂತಲೂ ಬರಬಹುದು. ಅದು ನನಗೆ ಆಗ ಗೊತ್ತಿರಲಿಲ್ಲ. ಮೈಯಲ್ಲಿ ಹುಣ್ಣು ಇಟ್ಟುಕೊಂಡು, ಕೈಯಲ್ಲಿ ಇಲ್ಲ ಅನ್ನುವ ಕಾಗದ ಹಿಡಿದು ನಿಂತಿದ್ದೆ. ಆ ಹೊತ್ತಿನಲ್ಲಿ ನನಗೆ ನನ್ನ ಮೇಲೇ ಅನುಮಾನ ಬಂತು. ಇದೆಲ್ಲ ನಾನೇ ಕಟ್ಟಿಕೊಂಡ ನೋವಾ ಅಂತ.

ಆ ಮಾತ್ರೆ ಒಂದು ತಿಂಗಳು ನುಂಗಿದೆ. ಹಗಲೆಲ್ಲ ಮಂಪರು, ಒಂದು ಬೆಳೆಯೇ ಹದಗೆಟ್ಟಿತು.

ಹುಳದ ಲೆಕ್ಕಕ್ಕೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ದಿನ ಚಾಕಿ ಬಂತು, ಯಾವ ದಿನ ಜ್ವರಕ್ಕೆ ಕೂತವು, ಎಷ್ಟು ಸುಣ್ಣ ಎರಚಿದೆವು, ಗೂಡು ಎಷ್ಟು ಕೆಜಿ, ಮಾರ್ಕೆಟ್ಟಿನಲ್ಲಿ ಎಷ್ಟಕ್ಕೆ ಹೋಯಿತು. 2021ರಲ್ಲಿ ಒಂದು ದಿನ ಆ ಪುಸ್ತಕ ತಿರುವುತ್ತಾ, ಗುಳ್ಳೆ ಎದ್ದ ದಿನಗಳನ್ನು ನೆನಪು ಮಾಡಿಕೊಂಡು ಅಂಚಿನಲ್ಲಿ ಒಂದೊಂದು ಚುಕ್ಕೆ ಇಟ್ಟೆ. ಹೆಚ್ಚುಕಮ್ಮಿ ಎಲ್ಲ ಚುಕ್ಕೆಯೂ ಒಂದೇ ಜಾಗಕ್ಕೆ ಬಂದವು: ನಾಲ್ಕನೇ ಜ್ವರ ಎದ್ದ ಮೇಲಿನ ಐದಾರನೇ ದಿನ. ಮೂರು ನಾಲ್ಕು ರಾತ್ರಿ ನಿದ್ದೆಗೆಟ್ಟ ಮೇಲೆ. ಅದರ ಜೊತೆಗೆ ಮುಟ್ಟಿನ ದಿನ ಸೇರಿದರೆ ತಪ್ಪುತ್ತಲೇ ಇರಲಿಲ್ಲ. ಇನ್ನೊಂದೂ ನೆನಪಾಯಿತು. ಗುಳ್ಳೆ ಏಳುವ ಹಿಂದಿನ ದಿನ ಎಡತೊಡೆಯ ಹಿಂಬದಿಯಲ್ಲಿ ಇರುವೆ ಹರಿದ ಹಾಗೆ ಜುಮುಜುಮು ಅನ್ನುತ್ತಿತ್ತು, ಒಂದೊಂದು ಸಲ ಹಿಮ್ಮಡಿವರೆಗೂ ಚುಳುಕ್ ಅಂತ ಸೆಳೆತ. ಇದು ಮನಸ್ಸಿನ ಕಾಯಿಲೆ ಅಲ್ಲ ಅಂತ ನನಗೆ ಧೈರ್ಯ ಕೊಟ್ಟದ್ದು ಆ ಚುಕ್ಕೆಗಳು. ಯಾವ ಲ್ಯಾಬಿನ ಕಾಗದಕ್ಕಿಂತಲೂ ನನ್ನ ಆ ಪುಸ್ತಕವನ್ನು ನಾನು ಹೆಚ್ಚು ನಂಬಿದೆ.

ನಮ್ಮ ಊರಿನ ಆಶಾ ಅಕ್ಕ ಕೋವಿಡ್ ಲಸಿಕೆಗೆ ಮನೆಮನೆಗೆ ಬರುತ್ತಿದ್ದ ಕಾಲ ಅದು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಅವರ ಮುಂದೆ ಪೂರ್ತಿ ಹೇಳಿಬಿಟ್ಟೆ. ಅವರು ಬೆರಗಾಗಲಿಲ್ಲ. "ಜಿಲ್ಲಾಸ್ಪತ್ರೇಲಿ ಸುರಕ್ಷಾ ಕ್ಲಿನಿಕ್ ಅಂತ ಐತೆ ಕಣಕ್ಕ, ಇಂಥದ್ದಕ್ಕೇ ಅಂತ ಮಾಡಿರೋದು. ಅಲ್ಲಿ ಹೇಳಿದ್ದು ಹೊರಗೆ ಹೋಗಲ್ಲ. ಫೋನಲ್ಲಿ ಕೇಳ್ಬೇಕು ಅಂದ್ರೆ 1097 ಮಾಡು, ದುಡ್ಡು ಹೋಗಲ್ಲ" ಅಂದರು. ಆಮೇಲೆ ಒಂದು ಮಾತು ಸೇರಿಸಿದರು: "ಗುಳ್ಳೆ ಹಸಿ ಇರೋವಾಗ್ಲೇ ಹೋಗು. ಒಣಗಿದ ಮೇಲೆ ಹೋದ್ರೆ ಏನೂ ಇಲ್ಲ ಅಂತಾರೆ."

ನವೆಂಬರಿನಲ್ಲಿ ಬಂತು. ಆ ವರ್ಷ ಮಳೆ ನಿಂತಿರಲಿಲ್ಲ, ನಮ್ಮ ಒಣಸೀಮೆಯಲ್ಲಿ ಎಷ್ಟೋ ವರ್ಷದಿಂದ ತುಂಬದ ಕೆರೆಗಳು ಕೋಡಿ ಹರಿಯುತ್ತಿದ್ದವು. ಜುಮುಜುಮು ಶುರುವಾದ ಮಾರನೇ ದಿನವೇ ಹುಳವನ್ನು ನಮ್ಮವರಿಗೆ ಒಪ್ಪಿಸಿ, ಚಿಕ್ಕಬಳ್ಳಾಪುರಕ್ಕೆ ಬಸ್ಸು ಹತ್ತಿದೆ. ಚೀಟಿ ಮಾಡಿಸುವ ಸಾಲಿನಲ್ಲಿ ಏನು ತೊಂದರೆ ಅಂತ ಕೇಳುತ್ತಾರೇನೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಕೇಳಲಿಲ್ಲ. ಆಪ್ತ ಸಮಾಲೋಚಕಿ ಒಬ್ಬರು ಬಾಗಿಲು ಹಾಕಿ ಕೂರಿಸಿಕೊಂಡರು. ನಾನು ನೋಟ್‌ಬುಕ್ ತೆಗೆದು ಅವರ ಮುಂದಿಟ್ಟೆ. ಅವರು ಒಂದೊಂದೇ ಪುಟ ತಿರುಗಿಸಿ ಚುಕ್ಕೆಗಳನ್ನು ಎಣಿಸಿದರು. ಮೂರು ವರ್ಷದಲ್ಲಿ ನನ್ನ ಮಾತನ್ನು ಯಾರೋ ಲೆಕ್ಕಕ್ಕೆ ತೆಗೆದುಕೊಂಡದ್ದು ಅದೇ ಮೊದಲು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. "ನಾನು ನೋಡ್ಲಾ?" ಅಂತ ನನ್ನನ್ನೇ ಕೇಳಿದರು. ಪರದೆ ಎಳೆದರು, ನರ್ಸಮ್ಮ ಪಕ್ಕದಲ್ಲಿ ನಿಂತರು, ಗ್ಲೌಸು ಹಾಕಿಕೊಂಡು, ದೀಪ ಹತ್ತಿರ ತಂದು, ನಿಧಾನಕ್ಕೆ ನೋಡಿದರು. ನೋಡಿ ಮೊದಲು ಆಡಿದ ಮಾತು: "ಇದು ತುಂಬಾನೇ ನೋಯುತ್ತೆ ಅಲ್ವಾ? ಹೆಂಗೆ ತಡ್ಕೊಂಡ್ರಿ ಇಷ್ಟು ದಿನ?" ನಾನು ಮಂಚದ ಮೇಲೆ ಮಲಗಿದ್ದವಳು ಹಾಗೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅವರು ಅಳಲು ಬಿಟ್ಟರು, ಅವಸರ ಮಾಡಲಿಲ್ಲ.

ಅಲ್ಲಿ ಲಕ್ಷಣ ನೋಡಿಯೇ ಅವತ್ತೇ ಔಷಧಿ ಕೊಡುವ ಪದ್ಧತಿ. ಒಂದೊಂದು ಬಗೆಯ ತೊಂದರೆಗೆ ಒಂದೊಂದು ಬಣ್ಣದ ಕಿಟ್ ಇರುತ್ತದೆ, ಹರ್ಪಿಸ್ಸಿನದು ಕೆಂಪು. ಅದರಲ್ಲಿ ಆಸೈಕ್ಲೋವಿರ್ 400 ಮಿಲಿಗ್ರಾಮಿನ ಇಪ್ಪತ್ತೊಂದು ಮಾತ್ರೆ, ದಿನಕ್ಕೆ ಮೂರರಂತೆ ಏಳು ದಿನ, ದುಡ್ಡಿಲ್ಲ. ಎಚ್‌ಐವಿಗೂ, ಸಿಫಿಲಿಸ್ ಇದೆಯಾ ಅಂತ ನೋಡುವ ವಿಡಿಆರ್‌ಎಲ್ ಪರೀಕ್ಷೆಗೂ ರಕ್ತ ತೆಗೆದರು, ಯಾಕೆ ಅಂತಲೂ ಬಿಡಿಸಿ ಹೇಳಿದರು: ಈ ಹುಣ್ಣು ಇರುವವರಿಗೆ ಎಚ್‌ಐವಿ ತಗಲುವ ಸಂಭವ ಹೆಚ್ಚು. ಎರಡೂ ನೆಗೆಟಿವ್ ಬಂದವು. ಯಾವ ಬಗೆ ಅಂತ ಖಚಿತ ಆಗಬೇಕಾದರೆ ಹಸಿ ಗುಳ್ಳೆಯಿಂದಲೇ ದ್ರವ ತೆಗೆದು ಪಿಸಿಆರ್ ಮಾಡಿಸಬೇಕು, ಅದು ಬೆಂಗಳೂರಿನ ಖಾಸಗಿ ಲ್ಯಾಬಿಗೆ ಹೋಗಬೇಕು ಅಂದರು. ಮುಂದಿನ ಸಲ ಅದನ್ನೂ ಮಾಡಿಸಿದೆ. ಎರಡನೇ ಬಗೆ.

ಸಮಾಲೋಚಕಿ ಹೇಳಿದ್ದರಲ್ಲಿ ನನ್ನ ಎದೆಯ ಭಾರ ಇಳಿಸಿದ್ದು ಒಂದು ಮಾತು. ಈ ವೈರಸ್ಸು ಒಳಗೆ ಸೇರಿದ ಕೂಡಲೇ ಗುಳ್ಳೆ ಏಳಲೇಬೇಕು ಅಂತಿಲ್ಲ. ತಿಂಗಳಾಗಬಹುದು, ವರ್ಷಗಳಾಗಬಹುದು, ಇರುವವರಲ್ಲಿ ಹೆಚ್ಚಿನವರಿಗೆ ಇದೆ ಅಂತಲೇ ಗೊತ್ತಿರುವುದಿಲ್ಲ. ಹುಣ್ಣು ಕಾಣದ ದಿನದಲ್ಲೂ ಅದು ಚರ್ಮದ ಮೇಲೆ ಬಂದು ಇನ್ನೊಬ್ಬರಿಗೆ ದಾಟಬಹುದು. ಆದ್ದರಿಂದ ಇವತ್ತು ಗುಳ್ಳೆ ಎದ್ದರೆ ನಿನ್ನೆ ಯಾರೋ ತಪ್ಪು ಮಾಡಿದರು ಅಂತ ಹೇಳಲು ಬರುವುದಿಲ್ಲ, ಯಾವ ರಕ್ತ ಪರೀಕ್ಷೆಯೂ ಅದನ್ನು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ ಪ್ರಪಂಚದಲ್ಲಿ 15ರಿಂದ 49 ವಯಸ್ಸಿನೊಳಗೆ ಈ ಎರಡನೇ ಬಗೆ ಇರುವವರು 52 ಕೋಟಿ ಜನ. ಅಷ್ಟು ಜನರನ್ನು ನೋಡಿ ಆ ಚರ್ಮದ ಡಾಕ್ಟರು ನಗುತ್ತಾರೆಯೇ ಅಂತ ಅನ್ನಿಸಿತು.

ಆಸೈಕ್ಲೋವಿರ್ ಕಂಡುಹಿಡಿದ ಕೆಲಸದಲ್ಲಿದ್ದ ಗರ್ಟ್ರೂಡ್ ಎಲಿಯನ್ ಎಂಬ ವಿಜ್ಞಾನಿಗೆ 1988ರಲ್ಲಿ ನೊಬೆಲ್ ಸಿಕ್ಕಿತು ಅಂತ ಆಮೇಲೆ ಎಲ್ಲೋ ಓದಿದೆ. ನಾನು ಹುಟ್ಟಿದ್ದು 1989ರಲ್ಲಿ. ನನಗಿಂತ ಹಳೆಯ ಮಾತ್ರೆ, ತಾಲ್ಲೂಕಿನ ಮೆಡಿಕಲ್ಸಿನಲ್ಲೂ ಸಿಗುವ ಮಾತ್ರೆ. ಅದು ಸರಿಯಾಗಿ ನನ್ನ ಕೈ ಸೇರಲು ಮೂರು ವರ್ಷ, ನಾಲ್ಕು ಡಾಕ್ಟರು ಬೇಕಾದರು.

ಅವತ್ತು ಸಂಜೆ ಬಸ್‌ಸ್ಟಾಪಿಗೆ ನಮ್ಮವರು ಗಾಡಿ ತಂದಿದ್ದರು. ದಾರಿಯಲ್ಲಿ ಕೆರೆ ಕೋಡಿ ನೋಡಲು ಜನ ಸೇರಿದ್ದರು, ನಾವೂ ನಿಲ್ಲಿಸಿದೆವು. ನೀರಿನ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಅದೇ ನನಗೆ ಧೈರ್ಯ. ಅವರ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದೆ. ಹುಳದ ಮನೆಯಲ್ಲಿ ಯಾಕೆ ಮಲಗುತ್ತಿದ್ದೆ, ಸೊಂಟದ ಸರ್ಪಸುತ್ತು ಯಾಕೆ ಸುಳ್ಳು, ಎಲ್ಲ. ಇವರು ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ ಅಂದರು:

"ಮದುವೆಗೆ ಮುಂಚೆ ಪೀಣ್ಯದಲ್ಲಿ ಫ್ಯಾಕ್ಟರೀಲಿ ಇದ್ನಲ್ಲ, ಆಗ ನಂಗೂ ಎರಡು ಸಲ ಹಿಂಗೇ ಗುಳ್ಳೆ ಎದ್ದಿತ್ತು. ಅಲ್ಲೊಬ್ಬ ಡಾಕ್ಟ್ರ ಹತ್ರ ಹೋದೆ. ಬಾಯ್ಲರ್ ಹತ್ರ ಕೆಲಸ ಅಲ್ವೇನಪ್ಪ, ಉಷ್ಣ, ಏನೂ ಇಲ್ಲ ಅಂದ್ರು. ಆಮೇಲೆ ಬರ್ಲೇ ಇಲ್ಲ. ನಾನು ಮರ್ತೇ ಬಿಟ್ಟೆ ಕಣೇ."

ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಎರಡು ತಿಂಗಳು ಇವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಮದುವೆಗೆ ಮುಂಚಿನದು ನನ್ನದಲ್ಲ ಅಂತ ಎಷ್ಟು ಹೇಳಿಕೊಂಡರೂ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಆದರೆ ಯೋಚನೆ ಮಾಡುತ್ತಾ ಮಾಡುತ್ತಾ ಆ ಸಿಟ್ಟು ಪೀಣ್ಯದ ಆ ಕ್ಲಿನಿಕ್ಕಿನ ಕಡೆ ತಿರುಗಿತು. ಅವತ್ತು ಆ ಡಾಕ್ಟರು ಲುಂಗಿ ಸರಿಸಿ ಒಂದು ಸಲ ನೋಡಿ, ಇದು ಹಿಂಗಪ್ಪ, ಮದುವೆಯಾಗುವವಳಿಗೆ ಹೇಳು, ಕಾಂಡೋಮ್ ಬಳಸು ಅಂದಿದ್ದರೆ, ನಾನು ಕಣ್ಣು ತೆರೆದುಕೊಂಡು ತೀರ್ಮಾನ ಮಾಡುತ್ತಿದ್ದೆ. ಇವರಿಗೂ ಉಷ್ಣ, ನನಗೂ ಉಷ್ಣ. ಇವರಿಗೆ ಬಾಯ್ಲರು, ನನಗೆ ಹುಳದ ಮನೆ. ಕೂಲಿ ಮಾಡುವವರ ಮೈಯಲ್ಲಿ ಏನೇ ಆದರೂ ಅದಕ್ಕೆ ಅವರ ಕೆಲಸವೇ ಕಾರಣ ಅಂದುಬಿಡುವುದು ಎಷ್ಟು ಸುಲಭ.

ಒಂದು ವರ್ಷ ದಿನಕ್ಕೆ ಎರಡು ಹೊತ್ತು 400ರ ಮಾತ್ರೆ ನುಂಗಿದೆ. ವರ್ಷಕ್ಕೆ ಆರಕ್ಕಿಂತ ಹೆಚ್ಚು ಸಲ ಬರುವವರಿಗೆ ಹಾಗೆ ಕೊಡುತ್ತಾರಂತೆ. ಏಳು ಸಲ ಬರುತ್ತಿದ್ದದ್ದು ಒಂದಕ್ಕೆ ಇಳಿಯಿತು. ಚಾಪೆ ಒಳಗೆ ಬಂತು. ಮಗ ತೊಡೆಯ ಮೇಲೆ ಕೂರುವಷ್ಟು ಚಿಕ್ಕವನಾಗಿ ಉಳಿದಿರಲಿಲ್ಲ, ಆದರೂ ಕೂರಿಸಿಕೊಳ್ಳುತ್ತಿದ್ದೆ.

2023ರಲ್ಲಿ ಮತ್ತೆ ಬಸುರಿಯಾದೆ. ಇಲ್ಲಿಂದ ನನಗೆ ಬೇರೆ ಭಯ. ಸಮಾಲೋಚಕಿ ಮೊದಲೇ ಹೇಳಿದ್ದರು: ಹೆರಿಗೆಯ ಹೊತ್ತಿನಲ್ಲಿ ಹುಣ್ಣು ಇದ್ದರೆ ಮಗುವಿಗೆ ತಗಲಬಹುದು, ಹಸುಗೂಸಿಗೆ ಅದು ಪ್ರಾಣದ ಮೇಲೆ ಬರುತ್ತದೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಅಂಟಿಸಿಕೊಂಡವರಲ್ಲಿ ಮಗುವಿಗೆ ದಾಟುವ ಸಂಭವ ನೂರಕ್ಕೆ ಮೂವತ್ತರಿಂದ ಐವತ್ತು. ನನ್ನ ಹಾಗೆ ಹಳೆಯದಾಗಿ ಇರುವವರಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಕಡಿಮೆ ಅಂತ ಬಿಡುವ ಹಾಗಿಲ್ಲ, ಹೇಳಲೇಬೇಕು. ಆದರೆ ತಾಯಿ ಕಾರ್ಡಿನಲ್ಲಿ ಬರೆದರೆ? ಆ ಕಾರ್ಡು ಅಂಗನವಾಡಿಯಲ್ಲಿ ನೋಡುತ್ತಾರೆ, ಅತ್ತೆ ನೋಡುತ್ತಾರೆ, ಸೀಮಂತಕ್ಕೆ ಬಂದ ನಾದಿನಿ ತಿರುವಿ ಹಾಕುತ್ತಾಳೆ.

ತಪಾಸಣೆಗೆ ಹೋಗುತ್ತಿದ್ದ ಕಡೆ ಡ್ಯೂಟಿ ಡಾಕ್ಟರಿಗೆ ಹೇಳಿದೆ. "ಈಗ ಹುಣ್ಣು ಇದೆಯಾ? ಇಲ್ಲ ತಾನೇ? ಅದೆಲ್ಲ ಏನೂ ಆಗಲ್ಲ ಬಿಡಿ" ಅಂದರು. ಮೊದಲಿನ ನಾನಾಗಿದ್ದರೆ ಎದ್ದು ಬರುತ್ತಿದ್ದೆ. ಅವತ್ತು ಕುರ್ಚಿ ಬಿಡಲಿಲ್ಲ. "ಮೂವತ್ತಾರು ವಾರ ತುಂಬಿದ ಮೇಲೆ ಆಸೈಕ್ಲೋವಿರ್ 400 ದಿನಕ್ಕೆ ಮೂರು ಹೊತ್ತು ಶುರು ಮಾಡ್ಬೇಕಂತೆ ಮೇಡಂ. ನೋವು ಬಂದಾಗ ಗುಳ್ಳೆ ಇದ್ರೂ, ಜುಮುಜುಮು ಇದ್ರೂ ಆಪರೇಷನ್ ಮಾಡ್ಬೇಕಂತೆ. ನೀವು ಆಗಲ್ಲ ಅಂದ್ರೆ, ಆಗಲ್ಲ ಅಂತ ಬರ್ದು ಕೊಡಿ, ನಾನು ಬೇರೆ ಕಡೆ ತೋರಿಸ್ತೀನಿ" ಅಂದೆ. ನನ್ನ ಧ್ವನಿ ನಡುಗುತ್ತಿತ್ತು. ಅವರು ನನ್ನ ಮುಖ ನೋಡಿದರು, ಎದ್ದು ಹಿರಿಯ ಡಾಕ್ಟರ ಕೋಣೆಗೆ ಹೋದರು. ಹಿರಿಯರು ಬಂದು ನಾನು ಹೇಳಿದ್ದೇ ಸರಿ ಅಂದರು. ಕಾರ್ಡಿನ ಮೂಲೆಯಲ್ಲಿ ಎಚ್‌ಎಸ್‌ವಿ, ಅಂದರೆ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್, ಅಂತ ಇಂಗ್ಲಿಷಿನ ಮೂರು ಅಕ್ಷರ ಮಾತ್ರ ಬರೆದರು. ಮನೆಯಲ್ಲಿ ಇದೇನು ಅಂತ ಕೇಳಿದ ಅತ್ತೆಗೆ ಆಶಾ ಅಕ್ಕ, "ಒಂದು ಮಾತ್ರೆ ನೆನಪಿಸೋಕೆ ಬರ್ದಿರೋದು ಅಮ್ಮ" ಅಂದರು.

ಹೆರಿಗೆ ದಿನ ಬೆಳಗಿನ ಜಾವ ನಾಲ್ಕಕ್ಕೆ ನೋವು. ಲೇಬರ್ ವಾರ್ಡಿನಲ್ಲಿ ಹಿರಿಯ ಡಾಕ್ಟರು ಕಾರ್ಡು ನೋಡಿ, ದೀಪ ಎಳೆದುಕೊಂಡು, ಮಡಿಕೆ ಮಡಿಕೆ ಬಿಡಿಸಿ ನೋಡಿದರು. ಆ ನೋವಿನಲ್ಲೂ ನಾನು ಅವರ ಮುಖವನ್ನೇ ನೋಡುತ್ತಿದ್ದೆ. "ಏನೂ ಇಲ್ಲಮ್ಮ" ಅಂದರು. ಅಷ್ಟು ವರ್ಷ ಎಷ್ಟೊಂದು ಸಲ ಕೇಳಿದ ಮಾತು ಅದು. ನೋಡಿ ಹೇಳಿದ್ದರಿಂದ ಅವತ್ತು ನಂಬಿದೆ. ಆಪರೇಷನ್ ಬೇಕಾಗಲಿಲ್ಲ. ಮಗಳು, ಎರಡು ಕೆಜಿ ಒಂಬೈನೂರು ಗ್ರಾಂ. ಈಗ ಅವಳಿಗೆ ಎರಡನೇ ವರ್ಷ ನಡೆಯುತ್ತಿದೆ, ಹುಳದ ಮನೆಗೆ ನುಗ್ಗಿ ಚಂದ್ರಿಕೆ ಎಳೆಯುತ್ತಾಳೆ.

ಅತ್ತೆ ವರ್ಷಕ್ಕೊಮ್ಮೆ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗುವುದನ್ನು ಬಿಟ್ಟಿಲ್ಲ. ನಾನು ಹೋಗುತ್ತೇನೆ. ಅವರಿಗೆ ನಿಜ ಹೇಳಬೇಕೋ ಬೇಡವೋ ಅಂತ ನಾವಿಬ್ಬರೂ ಇನ್ನೂ ತೀರ್ಮಾನ ಮಾಡಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಹುಳ ನಾಲ್ಕನೇ ಜ್ವರ ಎದ್ದು ಐದು ದಿನ. ಇವತ್ತು ಸಂಜೆ ಸೊಪ್ಪು ಹೊರುವಾಗ ಎಡತೊಡೆಯ ಹಿಂದೆ ಇರುವೆ ಹರಿದ ಹಾಗಾಯಿತು. ಥರ್ಮಾಮೀಟರ್ ಇಡುವ ಗೂಡಿನಲ್ಲೇ ಮಾತ್ರೆಯ ಸ್ಟ್ರಿಪ್ಪೂ ಇರುತ್ತದೆ. ಒಂದು ಬಿಡಿಸಿ ನುಂಗಿ, ಚೊಂಬು ತುಂಬ ನೀರು ಕುಡಿದೆ. ಇವರು ಬಾಗಿಲಲ್ಲಿ ನಿಂತು ನೋಡಿದರು.

"ಶುರು ಆಯ್ತಾ?"

"ಹೂಂ ರೀ."

"ಹೋಗಿ ಮಲ್ಕೋ. ರಾತ್ರಿ ಸೊಪ್ಪು ನಾನು ಹಾಕ್ತೀನಿ."